ರಾಟೆಯ ಪಾಲು

ಪ್ರಥಮ ಪಿಯುಸಿಯ ಭೌತಶಾಸ್ತ್ರ ಪುಸ್ತಕದಲ್ಲಿ, ತಿರುಗುವ ಕಾಯಗಳ ಅಧ್ಯಾಯದಲ್ಲಿ, ಒಂದು ಮಾದರಿ ಲೆಕ್ಕವಿದೆ. ಎನ್‌ಸಿಇಆರ್‌ಟಿಯ ಪುಸ್ತಕವೇ ನಮ್ಮ ಕಾಲೇಜುಗಳಲ್ಲೂ ನಡೆಯುವುದರಿಂದ ವಿಜ್ಞಾನ ಓದಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಅದನ್ನು ಬಿಡಿಸಿರುತ್ತಾರೆ. 20 ಕಿಲೋಗ್ರಾಂ ರಾಶಿಯ, 20 ಸೆಂಟಿಮೀಟರ್ ತ್ರಿಜ್ಯದ ಒಂದು ಫ್ಲೈವೀಲ್. ಅದರ ಅಂಚಿಗೆ ದಾರ ಸುತ್ತಿದೆ. ದಾರವನ್ನು 25 ನ್ಯೂಟನ್ ಬಲದಿಂದ ಒಂದೇ ಸಮನೆ ಎಳೆದರೆ ಚಕ್ರ ಹೇಗೆ ವೇಗ ಪಡೆಯುತ್ತದೆ? ಲೆಕ್ಕ ಮಾಡಿದರೆ ದಾರದ ವೇಗೋತ್ಕರ್ಷ 2.5 ಎಂದು ಬರುತ್ತದೆ. ಅಂದರೆ ಒಂದೊಂದು ಸೆಕೆಂಡು ಕಳೆದಂತೆ ದಾರದ ವೇಗ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟು ಏರುತ್ತಾ ಹೋಗುತ್ತದೆ.

ಪುಸ್ತಕದ ಲೆಕ್ಕ ಈ ಎಳೆತವನ್ನು ದಾಟಿ ಹೋಗುವುದಿಲ್ಲ. ನಾವು ಒಂದು ಹೆಜ್ಜೆ ಮುಂದೆ ಹೋಗೋಣ. ಕೈಯಿಂದ ಎಳೆಯುವುದು ಬೇಡ. ದಾರದ ತುದಿಗೆ 25 ನ್ಯೂಟನ್ ತೂಗುವ ಒಂದು ಗುಂಡು ಕಟ್ಟಿ ಬಿಟ್ಟುಬಿಡೋಣ. ಗುರುತ್ವದ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಅದು ಎರಡೂವರೆ ಕಿಲೋ ಗುಂಡು. ಚಕ್ರ ಅದೇ, ದಾರ ಅದೇ, ಕೆಳಗೆಳೆಯುವ ಬಲವೂ ಅಷ್ಟೇ. ಹಾಗಾದರೆ ಉತ್ತರವೂ ಅದೇ ಇರಬೇಕಲ್ಲ?

ಇರುವುದಿಲ್ಲ. ಗುಂಡು 2.5ರ ಬದಲು 2ರ ವೇಗೋತ್ಕರ್ಷದಲ್ಲಿ ಇಳಿಯುತ್ತದೆ. ಕಾರಣ ದಾರದಲ್ಲಿದೆ. ಕೈಯಿಂದ ಎಳೆದಾಗ ಚಕ್ರಕ್ಕೆ ತಲುಪಿದ್ದು ಪೂರ್ತಿ 25 ನ್ಯೂಟನ್. ಗುಂಡು ಕಟ್ಟಿದಾಗ ಭೂಮಿ ಎಳೆಯುವುದು ಗುಂಡನ್ನು, ಚಕ್ರವನ್ನಲ್ಲ. ಆ 25ರಲ್ಲಿ ಗುಂಡು ತಾನು ಚಲಿಸಲು ಬೇಕಾದ 5 ನ್ಯೂಟನ್ನನ್ನು ಮೊದಲು ಇಟ್ಟುಕೊಂಡು, ಉಳಿದ 20ನ್ನು ಮಾತ್ರ ದಾರದ ಮೂಲಕ ಚಕ್ರಕ್ಕೆ ದಾಟಿಸುತ್ತದೆ. ತೂಗುಬಿಟ್ಟ ವಸ್ತುವಿನ ಲೆಕ್ಕದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗವೇ ಇದು. ದಾರದ ಬಿಗಿತ ಎಂದರೆ ವಸ್ತುವಿನ ತೂಕ ಎಂದು ಬರೆದುಬಿಡುತ್ತಾರೆ. ವಸ್ತು ಅಲುಗಾಡದೆ ತೂಗುತ್ತಿರುವಾಗ ಅದು ನಿಜ. ಕೆಳಗಿಳಿಯುತ್ತಾ ವೇಗ ಪಡೆಯಲು ತೊಡಗಿದ ಕ್ಷಣದಿಂದ ಬಿಗಿತ ತೂಕಕ್ಕಿಂತ ಕಡಿಮೆ. ಹೀಗೆ ಕಡಿಮೆಯಾಗಿರುವುದನ್ನು ಕಣ್ಣಿಂದಲೇ ನೋಡಬಹುದು. ಚಕ್ರವನ್ನೆಲ್ಲ ಸೇರಿಸಿ ಒಂದು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರೆ, ಚಕ್ರವನ್ನು ತಿರುಗದಂತೆ ಬಿಗಿದಿಟ್ಟಾಗ ಮುಳ್ಳು 225 ನ್ಯೂಟನ್ ತೋರಿಸುತ್ತದೆ; ಬಿಟ್ಟೊಡನೆ 220ಕ್ಕೆ ಇಳಿಯುತ್ತದೆ. ಗುಂಡು ತನಗಾಗಿ ಇಟ್ಟುಕೊಂಡ 5 ನ್ಯೂಟನ್ ಅದೇ.

ಈಗ ಚಕ್ರದ ಕಡೆಗೆ ಬರೋಣ. 20 ನ್ಯೂಟನ್ ಬಲಕ್ಕೆ ಅದರ ಅಂಚು 2ರ ವೇಗೋತ್ಕರ್ಷ ಪಡೆಯಿತು. ಬಲವನ್ನು ವೇಗೋತ್ಕರ್ಷದಿಂದ ಭಾಗಿಸಿದರೆ ರಾಶಿ ಸಿಗಬೇಕು: 10 ಕಿಲೋ. ಆದರೆ ಚಕ್ರ 20 ಕಿಲೋ ಇದೆ! ಉಳಿದ 10 ಕಿಲೋ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಚಕ್ರದ ಎಲ್ಲ ಭಾಗಗಳೂ ದಾರದಷ್ಟು ವೇಗವಾಗಿ ಓಡುವುದಿಲ್ಲ, ಅಷ್ಟೆ. ಅಂಚು ದಾರದ ವೇಗದಲ್ಲೇ ಓಡುತ್ತದೆ. ಅಚ್ಚಿಗೂ ಅಂಚಿಗೂ ನಡುವೆ ಇರುವ ಕಬ್ಬಿಣ ಅದರ ಅರ್ಧ ವೇಗದಲ್ಲಿ ಸುತ್ತುತ್ತದೆ. ಅಚ್ಚಿನ ನಟ್ಟನಡುವಿನ ಬಿಂದು ಕದಲುವುದೇ ಇಲ್ಲ. ಚಲನ ಶಕ್ತಿ ವೇಗದ ವರ್ಗವನ್ನು ಅವಲಂಬಿಸುವುದರಿಂದ ಅರ್ಧ ವೇಗದ ಕಬ್ಬಿಣಕ್ಕೆ ತಗಲುವ ಶಕ್ತಿ ಅರ್ಧವಲ್ಲ, ಕಾಲುಭಾಗ. ಒಟ್ಟಿನಲ್ಲಿ, ಇಡೀ ಚಕ್ರವನ್ನು ತಿರುಗಿಸಲು ಬೇಕಾದ ಶಕ್ತಿಯನ್ನು ಅಂಚಿಗೇ ಅಂಟಿಸಿದ ಎಷ್ಟು ರಾಶಿ ಕೇಳುತ್ತದೆಯೋ ಆ ಚಕ್ರದ ಪಾಲು ಅಷ್ಟು.

ದಪ್ಪ ಎಲ್ಲೆಡೆ ಸಮನಾದ ಗಟ್ಟಿ ತಟ್ಟೆಗೆ ಆ ಪಾಲು ಸರಿಯಾಗಿ ಅರ್ಧ. ಇದನ್ನು ಕಲನಶಾಸ್ತ್ರದಿಂದ ಎರಡು ಸಾಲಿನಲ್ಲಿ ಸಾಧಿಸಬಹುದು, ಆದರೆ ಯಾಕೆ ಅರ್ಧವೇ ಎನ್ನುವುದನ್ನು ಆ ಎರಡು ಸಾಲು ತೋರಿಸುವುದಿಲ್ಲ. ನನಗೆ ಇಷ್ಟವಾದ ದಾರಿ ಬೇರೆ. ತಟ್ಟೆಯನ್ನು ಒಳಗಿನಿಂದ ಹೊರಕ್ಕೆ ಹತ್ತು ಬಳೆಗಳಾಗಿ ಕತ್ತರಿಸಿಕೊಳ್ಳಿ. ಎಲ್ಲ ಬಳೆಗಳ ವಿಸ್ತೀರ್ಣವೂ ಸಮನಾಗಿರಲಿ, ಆಗ ಎಲ್ಲದರ ರಾಶಿಯೂ ಸಮ. ವಿಸ್ತೀರ್ಣ ತ್ರಿಜ್ಯದ ವರ್ಗದಂತೆ ಬೆಳೆಯುತ್ತದಲ್ಲವೇ? ಹಾಗಾಗಿ ಒಂದು ಬಳೆಯಿಂದ ಮುಂದಿನದಕ್ಕೆ ಹೋದಾಗಲೆಲ್ಲ ತ್ರಿಜ್ಯದ ವರ್ಗ ಸಮನಾದ ಮೆಟ್ಟಿಲುಗಳಲ್ಲಿ ಏರುತ್ತದೆ: ನಡುವೆ ಸೊನ್ನೆ, ಅಂಚಿನಲ್ಲಿ ಪೂರ್ತಿ. ಶಕ್ತಿಯೂ ತ್ರಿಜ್ಯದ ವರ್ಗದಂತೆಯೇ ಹೋಗುತ್ತದೆ. ಸೊನ್ನೆಯಿಂದ ಒಂದರವರೆಗೆ ಸಮ ಮೆಟ್ಟಿಲುಗಳಲ್ಲಿ ಏರುವ ಸಂಖ್ಯೆಗಳ ಸರಾಸರಿ ಅರ್ಧ. ಬಳೆಗಳನ್ನು ನೂರು ಮಾಡಿ, ಸಾವಿರ ಮಾಡಿ, ಸರಾಸರಿ ಬದಲಾಗದು.

ಹೀಗೆ ಬರುವ ಸೂತ್ರವನ್ನು ಮಾತಿನಲ್ಲೇ ಹೇಳಬಹುದು. ತೂಗುವ ವಸ್ತುವಿನ ರಾಶಿಗೆ ರಾಟೆಯ ಅರ್ಧ ರಾಶಿಯನ್ನು ಕೂಡಿಸಿ. ಬಂದ ಮೊತ್ತದಲ್ಲಿ ವಸ್ತುವಿನ ರಾಶಿ ಎಷ್ಟು ಪಾಲೋ ಗುರುತ್ವದ ಅಷ್ಟೇ ಪಾಲು ಅದರ ವೇಗೋತ್ಕರ್ಷ. ನಮ್ಮ ಲೆಕ್ಕದಲ್ಲಿ ಎರಡೂವರೆಗೆ ಹತ್ತು ಕೂಡಿ ಹನ್ನೆರಡೂವರೆ. ಅದರಲ್ಲಿ ಎರಡೂವರೆ ಎಂದರೆ ಐದರಲ್ಲೊಂದು ಪಾಲು. 10ರ ಐದನೇ ಒಂದು ಪಾಲು 2. ಗುಂಡು ಎರಡು ಮೀಟರ್ ಇಳಿಯುವಷ್ಟರಲ್ಲಿ ಕಳೆದುಕೊಂಡ 50 ಜೂಲ್ ಪ್ರಚ್ಛನ್ನ ಶಕ್ತಿಯೂ ಇದೇ ಅಳತೆಯಲ್ಲಿ ಹಂಚಿಹೋಗುತ್ತದೆ. ಚಕ್ರಕ್ಕೆ 40 ಜೂಲ್, ಗುಂಡಿಗೆ 10.

ಈ ಸೂತ್ರದಲ್ಲಿ ಏನಿದೆ ಎನ್ನುವಷ್ಟೇ ಏನಿಲ್ಲ ಎನ್ನುವುದೂ ಮುಖ್ಯ. ತ್ರಿಜ್ಯ ಇಲ್ಲ. 20 ಕಿಲೋ ಕಬ್ಬಿಣವನ್ನು ಅಂಗೈಯಗಲದ ದಪ್ಪ ಗಾಲಿಯಾಗಿ ಎರಕ ಹೊಯ್ಯಿರಿ, ಇಲ್ಲವೇ ಮೊರದಗಲದ ತೆಳು ತಟ್ಟೆಯಾಗಿ ಬಡಿಯಿರಿ, ಗುಂಡು ಇಳಿಯುವ ಬಗೆ ಒಂದೇ. ಮೊದಲ ಸಲ ಕೇಳಿದವರು ಇದನ್ನು ನಂಬುವುದಿಲ್ಲ. ದೊಡ್ಡ ಚಕ್ರವನ್ನು ತಿರುಗಿಸಲು ದಾರಕ್ಕೆ ಉದ್ದನೆಯ ಸನ್ನೆ ಸಿಗುತ್ತದೆ, ಆದ್ದರಿಂದ ಸುಲಭವಾಗಬೇಕು ಎಂದು ಕೆಲವರು. ದೊಡ್ಡ ಚಕ್ರದಲ್ಲಿ ರಾಶಿ ದೂರ ಹೋಗಿರುತ್ತದೆ, ಆದ್ದರಿಂದ ಕಷ್ಟವಾಗಬೇಕು ಎಂದು ಇನ್ನು ಕೆಲವರು. ಎರಡೂ ನಿಜ. ತ್ರಿಜ್ಯ ಎರಡು ಪಟ್ಟಾದರೆ ಸನ್ನೆಯ ಬಲ ಎರಡು ಪಟ್ಟು, ತಿರುಗಲು ತೋರುವ ಜಡತ್ವ ನಾಲ್ಕು ಪಟ್ಟು. ಹಾಗಾಗಿ ಚಕ್ರ ಸುತ್ತುವ ಗತಿ ಅರ್ಧದಷ್ಟೇ ಏರುತ್ತದೆ; ಆದರೆ ಪ್ರತಿ ಸುತ್ತಿಗೂ ಬಿಚ್ಚಿಕೊಳ್ಳುವ ದಾರ ಎರಡರಷ್ಟು. ಇದು ಅದನ್ನು ಸರಿದೂಗಿಸುತ್ತದೆ.

ಲೆಕ್ಕಕ್ಕೆ ಬರುವುದು ಆಕಾರ. ಅದೇ 20 ಕಿಲೋ ಪೂರ್ತಿ ಅಂಚಿನಲ್ಲಿದ್ದು, ನಡುವೆ ತೆಳ್ಳನೆಯ ಕಡ್ಡಿಗಳು ಮಾತ್ರ ಇದ್ದರೆ ಪಾಲು ಅರ್ಧವಲ್ಲ, ಹೆಚ್ಚುಕಡಿಮೆ ಪೂರ್ತಿ. ರಾಶಿಯನ್ನು ದೂರದ ವರ್ಗದಿಂದ ಗುಣಿಸಿ ಕೂಡಿಸುವ ಈ ಲೆಕ್ಕ ಮೊದಲು ಕಾಣಿಸಿಕೊಂಡದ್ದು 1673ರಲ್ಲಿ, ಕ್ರಿಶ್ಚಿಯನ್ ಹೈಗೆನ್ಸ್ ಲೋಲಕದ ಗಡಿಯಾರಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅದಕ್ಕೆ ಮೊಮೆಂಟ್ ಆಫ್ ಇನರ್ಷಿಯಾ ಎಂಬ ಹೆಸರು ಕೊಟ್ಟು ಗಟ್ಟಿ ಕಾಯಗಳ ಚಲನೆಗೆಲ್ಲ ಅನ್ವಯಿಸಿದ್ದು ಲೆನಾರ್ಡ್ ಆಯ್ಲರ್. ಅವನ ದೊಡ್ಡ ಗ್ರಂಥ ಬಂದದ್ದು 1765ರಲ್ಲಿ. ಗಣಿತ ಸಿದ್ಧವಾಗಿತ್ತು. ಅದನ್ನು ಮೇಜಿನ ಮೇಲೆ ತೋರಿಸಲು ಒಬ್ಬ ಮೇಷ್ಟ್ರು ಬೇಕಾಗಿತ್ತು.

ಆ ಮೇಷ್ಟ್ರು ಜಾರ್ಜ್ ಆಟ್‌ವುಡ್. 1745ರಲ್ಲಿ ಹುಟ್ಟಿದವನು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಪ್ರಯೋಗಗಳನ್ನು ಮಾಡಿ ತೋರಿಸುತ್ತಾ ಅವನು ಕೊಡುತ್ತಿದ್ದ ಉಪನ್ಯಾಸಗಳಿಗೆ ಹೆಸರಿತ್ತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಕಿರಿಯ ವಿಲಿಯಂ ಪಿಟ್ ಆ ಉಪನ್ಯಾಸಗಳನ್ನು ಕೇಳಿದ್ದ. ನ್ಯೂಟನ್ನನ ನಿಯಮಗಳನ್ನು ಅಂಕಿಗಳ ಸಮೇತ ತೋರಿಸಬೇಕು ಎನ್ನುವುದು ಆಟ್‌ವುಡ್‌ನ ಆಸೆ. ಕಷ್ಟವೆಂದರೆ ಬೀಳುವ ವಸ್ತು ಕೈಗೆ ಸಿಗುವುದಿಲ್ಲ. ಮೊದಲ ಒಂದೇ ಸೆಕೆಂಡಿನಲ್ಲಿ 193 ಇಂಚು, ಅಂದರೆ ಐದು ಮೀಟರಿಗೆ ಹತ್ತಿರ, ಬಿದ್ದುಬಿಡುತ್ತದೆ. ಅವನ ಕೈಯಲ್ಲಿದ್ದದ್ದು ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಗಡಿಯಾರ.

ಅವನು ಕಂಡುಕೊಂಡ ಉಪಾಯ ಇಂದಿಗೂ ಪ್ರಯೋಗಾಲಯಗಳಲ್ಲಿ ಅವನ ಹೆಸರಿನಲ್ಲೇ ಇದೆ. ಎತ್ತರದ ಕಂಬದ ತಲೆಯಲ್ಲಿ ಹಿತ್ತಾಳೆಯ ಹಗುರ ಚಕ್ರ, ಅದರ ಮೇಲೆ ರೇಷ್ಮೆ ದಾರ, ದಾರದ ಎರಡೂ ತುದಿಗೆ ಸಮ ತೂಕ. ಒಂದು ಬದಿಗೆ ಚಿಟಿಕೆಯಷ್ಟು ಹೆಚ್ಚಿನ ತೂಕ ಇಟ್ಟರೆ ಆ ಚಿಟಿಕೆ ತೂಕ ಇಡೀ ಸಾಲನ್ನೇ ಎಳೆಯಬೇಕು. ಹಾಗಾಗಿ ಎಲ್ಲವೂ ನಿಧಾನ. ಘರ್ಷಣೆ ತೊಂದರೆ ಕೊಡದಿರಲೆಂದು ಚಕ್ರದ ಅಚ್ಚನ್ನು ನಾಲ್ಕು ಪುಟ್ಟ ಗಾಲಿಗಳ ಮೇಲೆ ಕೂರಿಸಿದ. ಅಚ್ಚು ತಿರುಗಿದಂತೆ ಆ ಗಾಲಿಗಳೂ ಅದರೊಂದಿಗೆ ತಿರುಗುತ್ತವೆ, ಉಜ್ಜುವುದಿಲ್ಲ.

ಘರ್ಷಣೆ ಹೀಗೆ ಬಹುಮಟ್ಟಿಗೆ ಹೋಯಿತು. ಆದರೆ ಚಕ್ರದ ಜಡತ್ವ ಹೋಗಲಿಲ್ಲ, ಎಣ್ಣೆ ಬಿಟ್ಟರೂ ಹೋಗುವಂಥದ್ದಲ್ಲ. ಅದನ್ನು ನಗಣ್ಯ ಎಂದು ಬರೆದು ಮುಂದೆ ಹೋಗುವುದು ಆಟ್‌ವುಡ್‌ಗೆ ಸಾಧ್ಯವಿರಲಿಲ್ಲ, ಅವನಿಗೆ ಬೇಕಾಗಿದ್ದದ್ದು ಖಚಿತ ಅಂಕಿ. ಚಕ್ರಕ್ಕೆ ಕಡ್ಡಿಗಳಿದ್ದವು, ಅಂಚಿನಲ್ಲಿ ತೋಡಿತ್ತು, ಕೆಳಗೆ ನಾಲ್ಕು ಗಾಲಿಗಳಿದ್ದವು. ಗಟ್ಟಿ ತಟ್ಟೆಯ ಅರ್ಧ ಎಂಬ ಸುಲಭ ಸೂತ್ರ ಅಲ್ಲಿ ನಡೆಯದು. ಹಾಗಾಗಿ ಅವನು ಪ್ರಶ್ನೆಯನ್ನು ತಿರುಗಿಸಿ ಹಾಕಿದ. ಚಕ್ರ ಗೊತ್ತಿದ್ದರೆ ತೂಕ ಹೇಗೆ ಬೀಳುತ್ತದೆ ಎನ್ನುವುದರ ಬದಲು, ತೂಕ ಹೇಗೆ ಬಿತ್ತು ಎಂದು ನೋಡಿ ಚಕ್ರವನ್ನು ತಿಳಿಯುವುದು.

1784ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಈ ಪ್ರಯೋಗದ ಅಂಕಿಗಳಿವೆ. ಎರಡು ಬದಿಯ ತೂಕಗಳನ್ನೂ ತೆಗೆದು, ಚಕ್ರಕ್ಕೆ ಸಣ್ಣ ರೇಷ್ಮೆ ಎಳೆ ಸುತ್ತಿ, ಅದರ ತುದಿಗೆ 30 ಗ್ರೇನ್ ತೂಕ ಕಟ್ಟಿದ. ನಮ್ಮ ಅಳತೆಯಲ್ಲಿ ಅದು ಎರಡು ಗ್ರಾಂಗೂ ತುಸು ಕಡಿಮೆ. ಬಿಟ್ಟಾಗ ಅದು ಮೂರು ಸೆಕೆಂಡಿನಲ್ಲಿ ಸುಮಾರು 38.5 ಇಂಚು ಇಳಿಯಿತು. ಚಕ್ರವೇ ಇಲ್ಲದೆ ಬಿದ್ದಿದ್ದರೆ ಅಷ್ಟು ಹೊತ್ತಿನಲ್ಲಿ 193ರ ಒಂಬತ್ತು ಪಟ್ಟು, 1,737 ಇಂಚು, ಬೀಳಬೇಕಿತ್ತು. ಎರಡನ್ನೂ ಭಾಗಿಸಿದರೆ 45ಕ್ಕೆ ಸ್ವಲ್ಪ ಮೇಲೆ. ಅಂದರೆ ಆ 30 ಗ್ರೇನ್ ತನ್ನ 45 ಪಟ್ಟು ರಾಶಿಯನ್ನು ಹೊತ್ತೊಯ್ಯುವಂತೆ ನಡೆದುಕೊಂಡಿತು, ಸುಮಾರು 1,353 ಗ್ರೇನ್. ಅದರಲ್ಲಿ ಅದರದ್ದೇ 30 ಕಳೆದರೆ ಉಳಿದ 1,323 ಚಕ್ರಗಳ ಪಾಲು. ಆಟ್‌ವುಡ್ ಅದನ್ನು 2¾ ಔನ್ಸ್ ಎಂದು ಹಿಡಿದ. ಹತ್ತಿರ ಹತ್ತಿರ 86 ಗ್ರಾಂ. ಚಕ್ರಗಳನ್ನೆಲ್ಲ ಕಿತ್ತುಹಾಕಿ, ದಾರ ತಾಗುವ ಅಂಚಿನಲ್ಲಿ ಇಷ್ಟು ರಾಶಿಯನ್ನು ಮಾತ್ರ ಹರಡಿದ್ದರೂ ಚಲನೆ ಹೀಗೆಯೇ ಇರುತ್ತಿತ್ತು.

ಇಷ್ಟು ಸರಳವಾಗಿ, ಇಷ್ಟು ಪೂರ್ಣವಾಗಿ ಒಂದು ತೊಡಕನ್ನು ಬಿಡಿಸಿದ ಪ್ರಯೋಗಗಳು ಭೌತಶಾಸ್ತ್ರದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಅಭಿಪ್ರಾಯ. ಚಕ್ರದ ಆಕಾರ ಎಷ್ಟೇ ಗೋಜಲಾಗಿರಲಿ, ಒಳಗೆ ಎಷ್ಟೇ ಗಾಲಿಗಳಿರಲಿ, ಎಲ್ಲವೂ ಒಂದೇ ಅಂಕಿಗೆ ಇಳಿದವು. ಅಚ್ಚಿನಡಿಯ ನಾಲ್ಕು ಗಾಲಿಗಳ ಪಾಲು ಈ ಅಂಕಿಯಲ್ಲಿ ಬಹಳ ಸಣ್ಣದು. ಅವುಗಳ ಅಂಚು ಓಡುವುದು ತೆಳ್ಳನೆಯ ಅಚ್ಚಿನ ಮೈ ಓಡುವ ವೇಗದಲ್ಲಿ, ದಾರದ ವೇಗದಲ್ಲಲ್ಲ. ವೇಗ ಹತ್ತನೇ ಒಂದಾದರೆ ಪಾಲು ನೂರನೇ ಒಂದು.

ಆಮೇಲಿನ ಪ್ರಯೋಗಗಳಲ್ಲಿ ಆಟ್‌ವುಡ್ ಕಾಲು ಔನ್ಸನ್ನು ತನ್ನ ಮಾನವಾಗಿ ಇಟ್ಟುಕೊಂಡ. ಆ ಲೆಕ್ಕದಲ್ಲಿ ಚಕ್ರದ ಪಾಲು 11 ಮಾನ. ಎರಡು ಬದಿಯ ತೂಕಗಳು, ಎಳೆಯುವ ಚಿಟಿಕೆ ತೂಕ, ಎಲ್ಲ ಸೇರಿ 53 ಮಾನವಾಗುವಂತೆ ನೋಡಿಕೊಂಡರೆ ಒಟ್ಟು 64. ಒಂದು ಮಾನದ ತೂಕ 64 ಮಾನದ ರಾಶಿಯನ್ನು ಎಳೆದರೆ ಮೊದಲ ಸೆಕೆಂಡಿನಲ್ಲಿ 193ರ ಅರವತ್ತನಾಲ್ಕನೇ ಒಂದು ಪಾಲು, ಅಂದರೆ ಮೂರು ಇಂಚು ಇಳಿಯಬೇಕು. ಎರಡನೆಯ ಸೆಕೆಂಡಿನ ಕೊನೆಗೆ 12, ಮೂರನೆಯದರ ಕೊನೆಗೆ 27, ನಾಲ್ಕನೆಯದರ ಕೊನೆಗೆ 48 ಇಂಚು. ಗಡಿಯಾರದ ಟಿಕ್‌ಗೂ ಅಳತೆಪಟ್ಟಿಯ ಗೆರೆಗೂ ತಾಳೆ ಹಾಕಿ ಯಾವ ವಿದ್ಯಾರ್ಥಿಯಾದರೂ ನೋಡಬಹುದಾದ ಸಂಖ್ಯೆಗಳು. ಚಕ್ರವನ್ನು ಮರೆತಿದ್ದರೆ? 53ರಿಂದ ಭಾಗಿಸಿ, ಮೊದಲ ಸೆಕೆಂಡಿಗೆ ಮೂರೂವರೆ ಇಂಚಿಗೂ ಹೆಚ್ಚು ಇಳಿಯಬೇಕು ಎನ್ನಬೇಕಾಗುತ್ತಿತ್ತು. ತೂಕ ಮೂರೇ ಇಂಚು ಇಳಿದಿರುತ್ತಿತ್ತು, ನ್ಯೂಟನ್ನನ ನಿಯಮದ ಮೇಲೇ ಅನುಮಾನ ಬರುತ್ತಿತ್ತು.

ಎರಡು ಬದಿಗೂ ತೂಕವಿರುವ ಈ ಏರ್ಪಾಡಿನಲ್ಲಿ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ರಾಶಿಯಿಲ್ಲದ ರಾಟೆಯ ಲೆಕ್ಕಗಳಲ್ಲಿ ದಾರದ ಬಿಗಿತ ಎರಡೂ ಬದಿಯಲ್ಲಿ ಒಂದೇ ಎಂದು ಕಲಿಸುತ್ತಾರೆ. ನಿಜವಾದ ರಾಟೆಯಲ್ಲಿ ಅದು ಒಂದೇ ಆಗಿದ್ದರೆ ರಾಟೆ ವೇಗ ಪಡೆಯಲಾರದು. ಎರಡು ಕಡೆಯಿಂದಲೂ ಸಮನಾಗಿ ಎಳೆದ ಚಕ್ರ ಯಾವ ಕಡೆಗೆ ತಿರುಗೀತು? ಇಳಿಯುವ ಬದಿಯ ಬಿಗಿತ ಏರುವ ಬದಿಗಿಂತ ಹೆಚ್ಚಿರಲೇಬೇಕು. ಆ ವ್ಯತ್ಯಾಸವೇ ಚಕ್ರವನ್ನು ತಿರುಗಿಸುವುದು. ವ್ಯತ್ಯಾಸವನ್ನು ದಾರದಿಂದ ಚಕ್ರಕ್ಕೆ ದಾಟಿಸುವುದು ತೋಡಿನೊಳಗಿನ ಹಿಡಿತ. ಅಚ್ಚಿನಲ್ಲಿ ಘರ್ಷಣೆ ಬೇಡ, ಅಂಚಿನಲ್ಲಿ ಬೇಕೇ ಬೇಕು.

ಈ ಹಿಡಿತ ಎಷ್ಟು ಮುಖ್ಯ ಎಂಬುದಕ್ಕೆ ಬಾವಿಯ ರಾಟೆ ಒಳ್ಳೆಯ ಸಾಕ್ಷಿ. ಬಾವಿಯಲ್ಲಿ ಹಗ್ಗವನ್ನು ರಾಟೆಗೆ ಸುತ್ತಿರುವುದಿಲ್ಲ, ಅದರ ಮೇಲೆ ಹಾಯಿಸಿರುತ್ತಾರೆ, ಅಷ್ಟೆ. ಅರ್ಧ ಸುತ್ತು ಮಾತ್ರ ತಾಗಿರುವ ಹಗ್ಗ, ಘರ್ಷಣಾಂಕ 0.3 ಇದ್ದರೆ, ಜಾರದೆ ತಡೆದುಕೊಳ್ಳಬಲ್ಲ ಬಿಗಿತದ ಅನುಪಾತ ಸುಮಾರು ಎರಡೂವರೆ. ಕೈಯಲ್ಲಿ ಹಗ್ಗವನ್ನು ಹಿಡಿದು ಬಿಡುತ್ತಾ ಬಂದರೆ ರಾಟೆ ಹಗ್ಗದ ಜೊತೆಗೇ ತಿರುಗುತ್ತದೆ. ಹಗ್ಗವನ್ನು ಪೂರ್ತಿ ಬಿಟ್ಟುಬಿಟ್ಟರೆ ಈಚೆ ಬದಿಯಲ್ಲಿ ಹಗ್ಗದ ಸ್ವಂತ ಭಾರವೊಂದನ್ನುಳಿದು ಬಿಗಿತವೇ ಇರುವುದಿಲ್ಲ. ಹಗ್ಗ ತೋಡಿನಲ್ಲಿ ಜಾರುತ್ತದೆ, ರಾಟೆ ಹಿಂದೆ ಬೀಳುತ್ತದೆ. ಆಗ ರಾಟೆಯ ರಾಶಿ ಹತ್ತು ಕಿಲೋ ಇದ್ದರೂ ಕೊಡದ ಮೇಲೆ ಅದರ ಪ್ರಭಾವ ಜಾರುವ ಘರ್ಷಣೆಯಷ್ಟೇ. ಕೊಡ ನೀರು ಮುಟ್ಟಿದ ಮೇಲೂ ರಾಟೆ ತಿರುಗುತ್ತಲೇ ಇದ್ದು, ಹಗ್ಗ ಸಡಿಲಾಗಿ ತೋಡಿನಿಂದ ಎಗರಿ ಅಚ್ಚಿನ ಪಕ್ಕಕ್ಕೆ ಸಿಕ್ಕಿಕೊಳ್ಳುವುದನ್ನು ನೀರು ಸೇದಿದವರೆಲ್ಲ ನೋಡಿರುತ್ತಾರೆ. ರಾಟೆ ತನ್ನ ಪಾಲಿನ ಶಕ್ತಿಯನ್ನು ಅಷ್ಟು ಹೊತ್ತೂ ಇಟ್ಟುಕೊಂಡಿತ್ತು.

ಜಡತ್ವ ಮತ್ತು ಘರ್ಷಣೆಯ ವ್ಯತ್ಯಾಸವೂ ಇದೇ. ಎರಡೂ ತೂಕವನ್ನು ನಿಧಾನಗೊಳಿಸುತ್ತವೆ, ಹಾಗಾಗಿ ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ಸುಲಭ. ಘರ್ಷಣೆ ತೆಗೆದುಕೊಂಡದ್ದು ಶಾಖವಾಗಿ ಹೋಯಿತು. ಚಕ್ರ ತೆಗೆದುಕೊಂಡದ್ದು ಚಕ್ರದಲ್ಲೇ ಇದೆ, ಕೇಳಿದರೆ ಹಿಂದಕ್ಕೆ ಕೊಡುತ್ತದೆ. ದಾರದ ತುದಿಯನ್ನು ಚಕ್ರಕ್ಕೆ ಗಂಟು ಹಾಕಿ ತೂಕ ಇಳಿಬಿಟ್ಟು ನೋಡಿ. ದಾರವೆಲ್ಲ ಬಿಚ್ಚಿದ ಮೇಲೂ ಚಕ್ರ ನಿಲ್ಲದೆ, ದಾರವನ್ನು ಎದುರು ದಿಕ್ಕಿಗೆ ಸುತ್ತಿಕೊಳ್ಳುತ್ತಾ ತೂಕವನ್ನು ಮೇಲೆತ್ತುತ್ತದೆ. ಮೊದಲಿನ ಎತ್ತರಕ್ಕೆ ಎಷ್ಟು ಕಡಿಮೆ ಬಿತ್ತೋ ಅಷ್ಟೇ ಘರ್ಷಣೆ ತಿಂದದ್ದು. ಇನ್ನೊಂದು ಮಾತು: ಘರ್ಷಣೆ ಸಾಕಷ್ಟಿದ್ದರೆ ತೂಕವನ್ನು ತಡೆದು ನಿಲ್ಲಿಸಬಲ್ಲದು. ಜಡತ್ವ ಎಂದೂ ನಿಲ್ಲಿಸಲಾರದು. ಅಚ್ಚಿನಲ್ಲಿ ಘರ್ಷಣೆ ಇಲ್ಲದಿದ್ದರೆ ಒಂದು ಟನ್ ಚಕ್ರವನ್ನೂ ಒಂದು ಗ್ರಾಂ ತೂಕ ತಿರುಗಿಸಿಯೇ ತೀರುತ್ತದೆ, ಬಹಳ ನಿಧಾನವಾಗಿ.

ನಿಧಾನ ಎಂದರೆ ಎಷ್ಟು ನಿಧಾನ ಎಂದು ನೋಡಬೇಕಾದರೆ ಬಿಎಸ್‌ಸಿ ಪ್ರಯೋಗಾಲಯದ ಫ್ಲೈವೀಲ್‌ಗೆ ಹೋಗಬೇಕು. ಗೋಡೆಗೆ ಬಿಗಿದ ದಪ್ಪ ಚಕ್ರ, ಅದರ ಅಚ್ಚಿನ ಮೇಲೊಂದು ಮೊಳೆ, ಮೊಳೆಗೆ ಸಿಕ್ಕಿಸಿದ ದಾರ. ಇಲ್ಲಿ ದಾರ ಸುತ್ತುವುದು ಅಂಚಿಗಲ್ಲ, ಅಚ್ಚಿಗೆ. ತ್ರಿಜ್ಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಮೊದಲು ಹೇಳಿದ್ದು ದಾರ ಅಂಚಿನಲ್ಲಿರುವಾಗ ಮಾತ್ರ ನಿಜ. ದಾರ ಅಚ್ಚಿಗೆ ಬಂದರೆ ಚಕ್ರದ ಅಂಚು ದಾರಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡಬೇಕಾಗುತ್ತದೆ. ಚಕ್ರ 10 ಕಿಲೋ, ತ್ರಿಜ್ಯ 12 ಸೆಂಟಿಮೀಟರ್, ಅಚ್ಚಿನ ತ್ರಿಜ್ಯ ಒಂದೂವರೆ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅಂಚಿನ ವೇಗ ದಾರದ ಎಂಟು ಪಟ್ಟು, ಶಕ್ತಿ ಅರವತ್ತನಾಲ್ಕು ಪಟ್ಟು. ಅರ್ಧ ರಾಶಿಯಾದ 5 ಕಿಲೋವನ್ನು 64ರಿಂದ ಗುಣಿಸಿದರೆ 320 ಕಿಲೋ! ದಾರದ ತುದಿಯ ಅರ್ಧ ಕಿಲೋ ತೂಕದ ಪಾಲಿಗೆ ಆ ಚಕ್ರ 320 ಕಿಲೋ ಇದ್ದಂತೆ. ಗುರುತ್ವದ 641ನೇ ಒಂದು ಪಾಲಿನ ವೇಗೋತ್ಕರ್ಷದಲ್ಲಿ ಅದು ಇಳಿಯುತ್ತದೆ. ಕೈಯಿಂದ ಬಿಟ್ಟರೆ ಅರ್ಧ ಸೆಕೆಂಡಿನೊಳಗೆ ನೆಲ ಸೇರುವ ಒಂದು ಮೀಟರ್ ದೂರಕ್ಕೆ ಹನ್ನೊಂದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ದಾರ ಮೊಳೆಯಿಂದ ಕಳಚಿ ಬಿದ್ದ ಮೇಲೆ ಚಕ್ರ ನಿಲ್ಲುವವರೆಗೆ ಎಷ್ಟು ಸುತ್ತು ಸುತ್ತಿತು ಎಂದು ವಿದ್ಯಾರ್ಥಿಗಳು ಎಣಿಸುವುದು ಘರ್ಷಣೆಯ ಪಾಲನ್ನು ಬೇರ್ಪಡಿಸಲಿಕ್ಕೆ.

ದಾರ ಇಲ್ಲದೆಯೂ, ರಾಟೆ ಇಲ್ಲದೆಯೂ ಇದೇ ಲೆಕ್ಕ ಇನ್ನೊಂದು ಪ್ರಸಿದ್ಧ ಪ್ರಯೋಗದ ಒಳಗಿತ್ತು, ಆಟ್‌ವುಡ್‌ಗಿಂತ ಸುಮಾರು ಒಂದೂವರೆ ಶತಮಾನ ಮೊದಲು. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ವಿವರಿಸಿದ ಇಳಿಜಾರು ಹಲಗೆಯ ಪ್ರಯೋಗ ಅದು. ಹಲಗೆಯಲ್ಲಿ ಬೆರಳಗಲಕ್ಕಿಂತ ತುಸು ಹೆಚ್ಚಿನ ನೇರ ತೋಡು, ಅದಕ್ಕೆ ನುಣುಪಾದ ಚರ್ಮಪತ್ರದ ಹೊದಿಕೆ, ಅದರಲ್ಲಿ ಉರುಳುವ ಕಂಚಿನ ಗುಂಡು, ಹೊತ್ತು ಅಳೆಯಲು ಸಣ್ಣ ಧಾರೆಯಾಗಿ ಹರಿಯುವ ನೀರು. ಉರುಳುವ ಗುಂಡು ಇಳಿಯುವ ತೂಕವೂ ಹೌದು, ತಿರುಗುವ ಚಕ್ರವೂ ಹೌದು. ಗಟ್ಟಿ ಗೋಳಕ್ಕೆ ತಿರುಗುವ ಪಾಲು ಅರ್ಧವಲ್ಲ, ಐದರಲ್ಲಿ ಎರಡು. ಹಾಗಾಗಿ ಸಪಾಟು ಹಲಗೆಯ ಮೇಲೆ ಅದು ಜಾರುವ ವಸ್ತುವಿನ ಏಳರಲ್ಲಿ ಐದು ಪಾಲಿನ ವೇಗೋತ್ಕರ್ಷದಲ್ಲಿ ಉರುಳುತ್ತದೆ. ತೋಡಿನ ಎರಡು ಅಂಚುಗಳ ಮೇಲೆ ಕುಳಿತ ಗುಂಡಿಗೆ ಇನ್ನೂ ಕಡಿಮೆ, ಯಾಕೆಂದರೆ ಅದು ಉರುಳುವುದು ತನ್ನ ಪೂರ್ತಿ ತ್ರಿಜ್ಯದ ಮೇಲಲ್ಲ, ಅದಕ್ಕಿಂತ ಚಿಕ್ಕದರ ಮೇಲೆ. ಫ್ಲೈವೀಲಿನ ಅಚ್ಚಿಗೆ ದಾರ ಸುತ್ತಿದ ಹಾಗೆಯೇ. ಗೆಲಿಲಿಯೋಗೆ ಇದು ತಿಳಿದಿರುವ ಸಾಧ್ಯತೆಯೇ ಇರಲಿಲ್ಲ. ಆದರೆ ಅವನು ಕೇಳಿದ್ದು ಅನುಪಾತದ ಪ್ರಶ್ನೆ: ಕಾಲುಭಾಗ ದೂರಕ್ಕೆ ಹಿಡಿಯುವ ಹೊತ್ತು ಪೂರ್ತಿ ದೂರದ ಹೊತ್ತಿನ ಅರ್ಧವೇ? ಹೌದು ಎಂದು ಹಲಗೆ ಉತ್ತರಿಸಿತು. ಗುಂಡು ತಿರುಗುವುದಕ್ಕೆ ಕೊಟ್ಟ ಪಾಲು ಹಲಗೆಯ ಉದ್ದಕ್ಕೂ ಒಂದೇ ಆಗಿದ್ದುದರಿಂದ ಅನುಪಾತದಲ್ಲಿ ಅದು ತಾನಾಗಿಯೇ ಬಿಟ್ಟುಹೋಯಿತು. ಅದೇ ಹಲಗೆಯಿಂದ ಗುರುತ್ವದ ಬೆಲೆಯನ್ನು ಅವನು ಲೆಕ್ಕ ಹಾಕಿದ್ದರೆ ನಿಜವಾದ ಬೆಲೆಗಿಂತ ಏಳರಲ್ಲಿ ಎರಡು ಪಾಲನ್ನೂ ಮೀರಿ ಕಡಿಮೆ ಬರುತ್ತಿತ್ತು.